ಹಾನಗಲ್ಲಿನಿಂದ ಹಿರೇಕೆರೂರಿಗೆ: ಸೈಕಲ್ ಸವಾರಿಗೆ ಯಾವ ಆ್ಯಪ್?

ಹಾವೇರಿ ಜಿಲ್ಲೆಯಲ್ಲಿ ಸೈಕಲ್ ತುಳಿಯುವವರಿಗೆ ಒಂದು ಸುಖ ಇದೆ. ಒಂದೇ ದಿನದ ದಾರಿಯಲ್ಲಿ ಮಣ್ಣಿನ ಬಣ್ಣ ಬದಲಾಗುತ್ತದೆ. ಹಾನಗಲ್ ಅರೆಮಲೆನಾಡು. ಭತ್ತದ ಗದ್ದೆ, ಮಾವಿನ ತೋಟ, ಊರಿಗೊಂದು ಕೆರೆ. ಬಂಕಾಪುರ ದಾಟಿ ಸವಣೂರಿನ ಕಡೆ ಹೊರಳಿದರೆ ಬಯಲು ಬಿಚ್ಚಿಕೊಳ್ಳುತ್ತದೆ, ಎರೆಹೊಲ ಶುರುವಾಗುತ್ತದೆ. ದಕ್ಷಿಣಕ್ಕೆ ಹಿರೇಕೆರೂರಿನ ದಾರಿ ಹಿಡಿದರೆ ಮೆಕ್ಕೆಜೋಳ, ಹತ್ತಿ, ನಡುನಡುವೆ ಗುಡ್ಡ. ಕಾರಿನಲ್ಲಿ ಹೋದರೆ ಇದ್ಯಾವುದೂ ಗೊತ್ತಾಗಲ್ಲ. ಸೈಕಲ್ಲಿನ ಮೇಲೆ ಮೊಣಕಾಲಿಗೇ ಗೊತ್ತಾಗುತ್ತದೆ.

ದೀಪಾವಳಿ ಮುಗಿದ ಮೇಲೆ ಮೂರು ವಾರ ಹಾನಗಲ್ಲಿನ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಅವಕಾಶ ಸಿಕ್ಕಿತ್ತು. ಬೆಳಗ್ಗೆ ಊರ ಸುತ್ತ, ವಾರದ ಕೊನೆಗೆ ದೂರ, ತಂಗಿ ಮತ್ತು ನಾನು ಇಬ್ಬರೂ ಸೈಕಲ್ ತುಳಿಯುವುದು ಅಂತ ಮಾತಾಯಿತು. ಸವಾರಿ ದಾಖಲಿಸೋಕೆ ಫೋನಿನಲ್ಲಿ ಒಂದು ಜಿಪಿಎಸ್ ಆ್ಯಪ್ ಬೇಕಿತ್ತು. ಆದರೆ ಮನೆಯಲ್ಲಿ ಮೂರು ಜನ, ಮೂರು ಶರತ್ತು.

ನನ್ನದು ಇಂಜಿನಿಯರ್ ಶರತ್ತು: ನೆಟ್ ಇಲ್ಲದಿದ್ದರೂ ನಕ್ಷೆ ಕಾಣಬೇಕು, ಬ್ಯಾಟರಿ ಸಂಜೆವರೆಗೆ ಬರಬೇಕು, ದಾಖಲೆ ನಮ್ಮ ಕೈಯಲ್ಲೇ ಇರಬೇಕು.

ಅವ್ವನದು ಒಂದೇ ಮಾತು: "ನೀವು ಎಲ್ಲಿ ಅದೀರಿ ಅನ್ನೋದು ನನಗ ಗೊತ್ತಾಗಬೇಕು. ಫೋನ್ ಮಾಡಿದ್ರ ಎತ್ತಂಗಿಲ್ಲ ನೀವು."

ತಂಗಿಯದು ಇದಕ್ಕೆ ಪೂರ್ತಿ ಉಲ್ಟಾ: "ಅಣ್ಣಾ, ನಾ ಎಷ್ಟೊತ್ತಿಗೆ, ಎಲ್ಲಿಂದ ಹೊಂಟೆ ಅನ್ನೋದು ಗುರುತಿಲ್ಲದವ್ರಿಗೆ ಗೊತ್ತಾಗೋದು ಬ್ಯಾಡ. ನೀ ಬೆಂಗಳೂರಿಗೆ ಹೋದ ಮ್ಯಾಲ ನಾ ಒಬ್ಬಾಕೀನ ತುಳಿಯಾಕಿ."

ಒಬ್ಬರಿಗೆ ಗೊತ್ತಾಗಬೇಕು, ಉಳಿದವರಿಗೆ ಗೊತ್ತಾಗಬಾರದು. ಆ್ಯಪ್ ಆಯ್ಕೆಯ ಅಸಲಿ ಪ್ರಶ್ನೆ ಇದೇ ಅಂತ ನಾಲ್ಕು ತಾಲ್ಲೂಕು ಸುತ್ತಿದ ಮೇಲೆ ನನಗೆ ಅನ್ನಿಸಿದೆ.

ಜಿಪಿಎಸ್‌ಗೆ ನೆಟ್ ಬೇಕಾ?

ಬೇಡ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಮಯವನ್ನು ಸಾರುತ್ತಿರುತ್ತವೆ. ಫೋನು ರೇಡಿಯೊ ಥರ ಬರೀ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹದ ಮಾತು ಕೇಳಿಸಿದರೆ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಡೇಟಾ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ಬೇಗ ಸಿಗುತ್ತದೆ, ಇಲ್ಲದಿದ್ದರೆ ಮೊದಲ ಬಾರಿ ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ ವ್ಯತ್ಯಾಸ. ಹೆಚ್ಚಿನ ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ಜಿಪಿಎಸ್ ಕೆಲಸ ಮಾಡುತ್ತದೆ.

ಈಗಿನ ಫೋನುಗಳು ಅಮೆರಿಕದ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದು ಕೂಡ ಸೇರಿಕೊಂಡಿರುತ್ತವೆ. ಕೆಲವು ಫೋನುಗಳಲ್ಲಿ ನಮ್ಮ ಇಸ್ರೊದ ನಾವಿಕ್ ಇದೆ. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಹೀಗಾಗಿ ನೆಟ್ ಬೇಕಾಗುವುದು ನಕ್ಷೆ ತೋರಿಸೋಕೆ, ಸವಾರಿಯನ್ನು ಮೇಲೇರಿಸೋಕೆ, ಇನ್ನೊಬ್ಬರಿಗೆ ಕಳಿಸೋಕೆ. ದಾಖಲಿಸೋಕೆ ಅಲ್ಲ.

ಹಾನಗಲ್: ಒಂದು ಕೆರೆ, ಮೂರು ಅಂಕಿ

ಮೊದಲ ಪರೀಕ್ಷೆ ಊರಲ್ಲೇ ಆಯಿತು. ಕದಂಬರ ಒಂದು ಶಾಖೆ ಆಳಿದ ಊರು ಹಾನಗಲ್. ಶಾಸನಗಳಲ್ಲಿ ಇದು ಪಾನುಂಗಲ್. ತಾರಕೇಶ್ವರ ಗುಡಿಯೊಳಗೆ ನಿಂತು ತಲೆ ಎತ್ತಿದರೆ ಕಲ್ಲಿನಲ್ಲೇ ಅರಳಿದ ದೊಡ್ಡ ಕಮಲದ ಛತ್ತು ಕಾಣುತ್ತದೆ. ಆ ಗುಡಿಯ ಮುಂದಿನಿಂದ ಹೊರಟು, ಆನೆಕೆರೆ ಕಡೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದೆವು. ನನ್ನ ಒಂದೇ ಫೋನಿನಲ್ಲಿ ಮೂರು ಆ್ಯಪ್ ಒಟ್ಟಿಗೆ ಚಾಲೂ ಇದ್ದವು: ಸ್ಟ್ರಾವಾ, ಆಸ್ಮ್‌ಆ್ಯಂಡ್, ಓಪನ್‌ಟ್ರ್ಯಾಕ್ಸ್.

ಮೂರೂ ಬೇರೆ ಬೇರೆ ದೂರ ತೋರಿಸಿದವು. ಚಿಪ್ ಒಂದೇ, ಆಕಾಶ ಒಂದೇ, ಅಂಕಿ ಮಾತ್ರ ಮೂರು. ಇದಕ್ಕೆ ಕಾರಣ ಇದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಹಳೇ ಪ್ಯಾಟಿಯ ಸಂದಿಯಲ್ಲಿ, ದಟ್ಟ ಮರದ ಕೆಳಗೆ ಇನ್ನೂ ಜಾಸ್ತಿ. ಈ ಅಲುಗಾಟವನ್ನು ಒಂದೊಂದು ಆ್ಯಪ್ ಒಂದೊಂದು ಥರ ಸರಿಮಾಡುತ್ತದೆ. ಒಂದು ಪ್ರತಿ ಸೆಕೆಂಡಿಗೆ ಚುಕ್ಕೆ ಇಡುತ್ತದೆ, ಇನ್ನೊಂದು ಕೆಲವು ಮೀಟರ್ ಸರಿದ ಮೇಲಷ್ಟೇ ಇಡುತ್ತದೆ. ಒಂದು ನಾವು ಚಾ ಕುಡಿಯೋಕೆ ನಿಂತಾಗ ತಾನೂ ನಿಲ್ಲುತ್ತದೆ, ಇನ್ನೊಂದು ನಿಂತಲ್ಲೇ ಓಲಾಡುವ ಚುಕ್ಕೆಗಳನ್ನೂ ಕೂಡಿಸಿಬಿಡುತ್ತದೆ.

ಆದ್ದರಿಂದ "ಯಾವ ಆ್ಯಪ್ ಸರಿಯಾದ ದೂರ ತೋರಿಸುತ್ತೆ?" ಅನ್ನುವ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಹಿಡಿದು ಅದನ್ನೇ ಬಳಸಿ. ಇವತ್ತಿನ ನಿಮ್ಮ ಸವಾರಿಯನ್ನು ನಿನ್ನೆಯ ನಿಮ್ಮದೇ ಸವಾರಿಗೆ ಹೋಲಿಸಲು ಅಷ್ಟು ಸಾಕು.

ಶಿಗ್ಗಾವಿ: ನಕ್ಷೆಗೆ ಗೊತ್ತಿಲ್ಲದ ಹಳ್ಳ

ಹಾನಗಲ್ಲಿನಿಂದ ಬಂಕಾಪುರ ಸುಮಾರು 25 ಕಿಲೋಮೀಟರ್. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಅಂತಾರೆ. ಸುತ್ತಲಿನ ಕುರುಚಲು ಕಾಡು ನವಿಲುಧಾಮ. ಕೂಗು ಕೇಳಿಸುತ್ತಿರುತ್ತದೆ, ಹಕ್ಕಿ ಕಾಣಬೇಕಾದರೆ ತಾಳ್ಮೆ ಬೇಕು.

ಬಂಕಾಪುರದಿಂದ ಶಿಗ್ಗಾವಿಗೆ ರಾಷ್ಟ್ರೀಯ ಹೆದ್ದಾರಿ 48 ಇದೆ. ಗೂಗಲ್ ಮ್ಯಾಪ್ಸ್ ನಮ್ಮನ್ನು ಅಲ್ಲಿಗೇ ಕಳಿಸಲು ನೋಡಿತು. ಅದರ ಎರಡು ಚಕ್ರದ ಗಾಡಿಯ ಮೋಡ್ 2017ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದದ್ದು ನಿಜ. ಆದರೆ ಅದು ಬೈಕು, ಸ್ಕೂಟರಿಗೆ ಮಾಡಿದ್ದು. ಲಾರಿಗಳ ಪಕ್ಕದಲ್ಲಿ ಸೈಕಲ್ ತುಳಿಯುವ ಉಸಾಬರಿ ನಮಗೆ ಬೇಕಿರಲಿಲ್ಲ. ನಮಗೆ ಬೇಕಿದ್ದದ್ದು ಕನಕದಾಸರು ಹುಟ್ಟಿದ ಬಾಡಕ್ಕೆ ಹೋಗುವ ಹಳ್ಳಿ ದಾರಿ.

ಇಲ್ಲಿ ಕೆಲಸಕ್ಕೆ ಬಂದದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಬರೆಯುವವರು ಜನರೇ, ವಿಕಿಪೀಡಿಯ ಇದ್ದ ಹಾಗೆ. ಆಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎರಡೂ ಇದನ್ನೇ ಬಳಸುತ್ತವೆ. ಮನೆಯ ವೈಫೈನಲ್ಲಿ ಒಮ್ಮೆ ಕರ್ನಾಟಕದ ನಕ್ಷೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ, ಸೈಕಲ್ಲಿಗೆ ಅಂತಲೇ ದಾರಿಯನ್ನೂ ಹೇಳುತ್ತವೆ. ಸ್ಟ್ರಾವಾದ ಉಚಿತ ಖಾತೆಯಲ್ಲಿ ಸವಾರಿ ದಾಖಲಿಸಬಹುದು, ಆದರೆ ಹೊಸ ಮಾರ್ಗ ಹಾಕಿಕೊಳ್ಳುವ ಸೌಲಭ್ಯ ದುಡ್ಡು ಕೊಟ್ಟವರಿಗೆ.

ಆದರೂ ನಕ್ಷೆಗೆ ಎಲ್ಲ ಗೊತ್ತಿರಲ್ಲ. ಬಾಡಕ್ಕೆ ಹೋಗುವಾಗ ಒಂದು ಹೊಲದ ದಾರಿಗೆ ಇಳಿಯುವಷ್ಟರಲ್ಲಿ ಎತ್ತಿನ ಗಾಡಿ ಹೊಡಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿದರು.

"ಎಲ್ಲಿಗೆ ಹೊಂಟೀರಿ ತಮ್ಮಾ?"

"ಬಾಡಕ್ಕ್ರಿ ಅಜ್ಜಾರ. ಮೊಬೈಲ್ ಹಿಂಗ ಹೋಗ್ರಿ ಅಂತೈತಿ."

"ಮೊಬೈಲಿಗೇನು ಗೊತ್ತು? ಮುಂದ ಹಳ್ಳದಾಗ ಇನ್ನೂ ನೀರೈತಿ. ಸೈಕಲ್ ಹೊತಗೊಂಡು ದಾಟಬೇಕಾಕ್ಕೈತಿ. ಬ್ಯಾಸಿಗ್ಯಾಗ ಬರ್ರಿ ಈ ದಾರಿಗೆ. ಈಗ ಆ ಬನ್ನಿಗಿಡದ ಕಡೆ ಹೊಳ್ರಿ."

ಅವರು ಹೇಳಿದಂತೆ ಹೊರಳಿದೆವು. ದಾರಿ ಇದೆ ಅಂತ ನಕ್ಷೆಗೆ ಗೊತ್ತಿತ್ತು. ಯಾವ ತಿಂಗಳು ಇದೆ ಅನ್ನುವುದು ಅಜ್ಜನಿಗೆ ಗೊತ್ತಿತ್ತು. ರಾತ್ರಿ ಮನೆಗೆ ಬಂದು, ನಾವು ತುಳಿದ ಜಾಡು ನೋಡಿಕೊಂಡು ಆ ಇನ್ನೊಂದು ದಾರಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದೆವು. ಹಳ್ಳ ದಾಟುವಲ್ಲಿ ನೀರಿರುತ್ತದೆ ಎಂಬ ಗುರುತನ್ನೂ ಹಾಕಿದೆವು. ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲು ಅದರಲ್ಲಿ ಪ್ರತ್ಯೇಕ ಜಾಗ ಇದೆ. ತಂಗಿ ಮರುದಿನದಿಂದ ಆ ಕೆಲಸಕ್ಕೆ ಕೂತಳು.

ಶರೀಫಜ್ಜನ ಶಿಶುನಾಳವೂ ಇದೇ ತಾಲ್ಲೂಕು, ಜಾನಪದ ವಿಶ್ವವಿದ್ಯಾಲಯದ ಗೊಟಗೋಡಿಯೂ ಇದೇ ತಾಲ್ಲೂಕು. ಎಲ್ಲ ಒಂದೇ ದಿನಕ್ಕೆ ಆಗುವ ಮಾತಲ್ಲ. ಶಿಗ್ಗಾವಿಗೆ ಎರಡು ಭಾನುವಾರ ಇಟ್ಟುಕೊಳ್ಳಿ.

ಸವಣೂರು: ಬಯಲಿನಲ್ಲಿ ಬೆಟ್ಟ

ಸವಣೂರು ನವಾಬರ ಊರು, ವೀಳ್ಯದೆಲೆಯ ಊರು, ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮರಗಳನ್ನು ಜನ ದೊಡ್ಡಹುಣಸೆ ಅಂತ ಕರೆದರೂ ಅವು ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಕಾಂಡ ನೋಡಿದರೆ ಆನೆಗಳು ಬೆನ್ನು ತಾಗಿಸಿ ನಿಂತಂತಿವೆ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿಬಿತ್ತು. ಅದನ್ನು ಕಡಿದು ಹಾಕದೆ ಎತ್ತಿ ಮತ್ತೆ ನೆಟ್ಟರು. ಅದರ ಮುಂದೆ ತಂಗಿ ಸುಮಾರು ಹೊತ್ತು ನಿಂತಿದ್ದಳು.

ಬಂಕಾಪುರದಿಂದ ಸವಣೂರಿನ ದಾರಿ ಹೆಚ್ಚೂಕಡಿಮೆ ಸಪಾಟು. ಆದರೆ ಸಂಜೆ ಒಂದು ಆ್ಯಪ್ ತೋರಿಸಿದ ಏರಿನ ಲೆಕ್ಕ ನೋಡಿದರೆ ನಾವು ಯಾವುದೋ ಘಟ್ಟ ಹತ್ತಿ ಬಂದ ಹಾಗಿತ್ತು. ಇದು ಜಿಪಿಎಸ್ಸಿನ ಹುಟ್ಟುಗುಣ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಹೀಗಾಗಿ ಎತ್ತರದ ಲೆಕ್ಕದಲ್ಲಿ ತಪ್ಪು ಜಾಸ್ತಿ. ಎರಡು ಮೀಟರ್ ಮೇಲೆ, ಎರಡು ಮೀಟರ್ ಕೆಳಗೆ ಅಂತ ಚುಕ್ಕೆಗಳು ಕುಣಿದು, ಆ ಕುಣಿತವೆಲ್ಲ ಕೂಡಿ ಬೆಟ್ಟ ಆಗುತ್ತದೆ. ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದ್ದರೆ ಲೆಕ್ಕ ಸುಧಾರಿಸುತ್ತದೆ. ಇಲ್ಲದಿದ್ದರೆ, ಮೊದಲೇ ಅಳೆದಿಟ್ಟ ಭೂಮಿಯ ಎತ್ತರದ ದತ್ತಾಂಶದ ಜೊತೆ ತಾಳೆ ನೋಡುವ ಆ್ಯಪ್ ವಾಸಿ. ಸ್ಟ್ರಾವಾ ಹಾಗೆ ಮಾಡುತ್ತದೆ. ಏರಿನ ಅಂಕಿ ಮುಖ್ಯ ಅನ್ನುವವರು ಫೋನ್ ಕೊಳ್ಳುವಾಗಲೇ ಬ್ಯಾರೋಮೀಟರ್ ಇದೆಯಾ ಅಂತ ನೋಡಿ.

ಬರುವಾಗ ಅವ್ವನಿಗೆ ಎಲೆ, ಮನೆಗೆ ಸವಣೂರ ಖಾರಾ ಕಟ್ಟಿಸಿಕೊಂಡೆವು. ಬೆನ್ನ ಚೀಲ ಹಗುರ ಇಟ್ಟುಕೊಂಡು ಹೋಗಿದ್ದಕ್ಕೆ ಇದೇ ಲಾಭ.

ಯಾರಿಗೆ ಕಾಣಬೇಕು?

ಆ ರಾತ್ರಿ ತಂಗಿಯ ಶರತ್ತಿಗೆ ಕೂತೆವು. ಸ್ಟ್ರಾವಾ ಒಂದು ರೀತಿಯಲ್ಲಿ ಸವಾರರ ಫೇಸ್‌ಬುಕ್. ಹುಬ್ಬಳ್ಳಿಯ ಗೆಳೆಯರೆಲ್ಲ ಅದರಲ್ಲೇ ಇದ್ದಾರೆ, ಒಬ್ಬರ ಸವಾರಿಗೆ ಒಬ್ಬರು ಮೆಚ್ಚುಗೆ ಕೊಡುತ್ತಾರೆ. ಬೆಳಗಿನ ಚಳಿಯಲ್ಲಿ ಹಾಸಿಗೆಯಿಂದ ಎಬ್ಬಿಸುವ ಶಕ್ತಿ ಆ ಮೆಚ್ಚುಗೆಗೆ ಇದೆ, ಸುಳ್ಳಲ್ಲ.

ಆದರೆ ಇನ್ನೊಂದು ಮುಖವೂ ಇದೆ. 2017ರ ನವೆಂಬರ್‌ನಲ್ಲಿ ಸ್ಟ್ರಾವಾ ತನ್ನ ಬಳಕೆದಾರರ ಜಾಡುಗಳನ್ನೆಲ್ಲ ಸೇರಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಎರಡೇ ತಿಂಗಳಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದರಲ್ಲಿ ಸೇನಾ ನೆಲೆಗಳು ಎದ್ದು ಕಾಣುವುದನ್ನು ತೋರಿಸಿದ. ಸೈನಿಕರು ನೆಲೆಯೊಳಗೆ ಓಡಿದ ಜಾಡೇ ನೆಲೆಯ ಗಡಿ ಬರೆದಿತ್ತು. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಲ ಮೋಂದ್ ಪತ್ರಿಕೆ, ಅಧ್ಯಕ್ಷರ ಅಂಗರಕ್ಷಕರ ಓಟದ ದಾಖಲೆಯಿಂದ ಅಧ್ಯಕ್ಷರ ಓಡಾಟವನ್ನೇ ಊಹಿಸಬಹುದು ಅಂತ ಬರೆಯಿತು.

"ಅವರಿಗೇ ಹಿಂಗಾದ್ರ ನಂದೇನು ಕತಿ?" ಅಂದಳು ತಂಗಿ.

ಸ್ಟ್ರಾವಾದಲ್ಲಿ ಬೀಗ ಇಲ್ಲ ಅಂತಲ್ಲ. ಸವಾರಿಯನ್ನು ನಮಗೊಬ್ಬರಿಗೇ ಅಥವಾ ಹಿಂಬಾಲಿಸುವವರಿಗೆ ಮಾತ್ರ ಅಂತ ಮಾಡಬಹುದು. ಹೊರಟ ಜಾಗ, ಮುಟ್ಟಿದ ಜಾಗದ ಸುತ್ತಲಿನ ಜಾಡನ್ನು ಮರೆಮಾಡಬಹುದು, ಬೇಕಾದರೆ ಇಡೀ ನಕ್ಷೆಯನ್ನೇ ಅಡಗಿಸಬಹುದು. ಆದರೆ ಒಂದೆರಡು ಓಣಿ ಅಡಗಿಸಿದರೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸಾಕು. ಸಣ್ಣ ಊರಿನಲ್ಲಿ ಆ ಓಣಿ ಯಾವುದು, ಅಲ್ಲಿ ಸೈಕಲ್ ತುಳಿಯುವ ಹುಡುಗಿ ಯಾರು ಅಂತ ಊಹಿಸಲು ನಕ್ಷೆಯೇ ಬೇಕಿಲ್ಲ. ಮೇಲಾಗಿ ದಿನಾ ಅದೇ ಹೊತ್ತು, ಅದೇ ರಸ್ತೆ ಅನ್ನುವುದು ದಾಖಲೆಯಲ್ಲಿ ಉಳಿದೇ ಉಳಿಯುತ್ತದೆ.

ಅವಳು ಆರಿಸಿದ್ದು ಓಪನ್‌ಟ್ರ್ಯಾಕ್ಸ್. ಗೂಗಲ್ 2016ರಲ್ಲಿ ನಿಲ್ಲಿಸಿದ ಮೈ ಟ್ರ್ಯಾಕ್ಸ್ ಆ್ಯಪಿನ ಕೋಡ್‌ನಿಂದ ಬೆಳೆದದ್ದು ಇದು. ಆ್ಯಂಡ್ರಾಯ್ಡ್‌ನಲ್ಲಿ ಮಾತ್ರ ಇದೆ. ಖಾತೆ ಇಲ್ಲ, ಜಾಹೀರಾತು ಇಲ್ಲ. ಇಂಟರ್‌ನೆಟ್ ಬಳಸುವ ಅನುಮತಿಯನ್ನೇ ಅದು ಕೇಳುವುದಿಲ್ಲ. ಹಾಗಾಗಿ ಜಾಡು ತಾನಾಗಿ ಫೋನ್ ಬಿಟ್ಟು ಹೋಗುವ ಮಾತೇ ಇಲ್ಲ. ಅದರೊಳಗೆ ನಕ್ಷೆಯೂ ಇಲ್ಲ, ನಕ್ಷೆಗೆ ಬೇರೆ ಆ್ಯಪ್ ಜೊತೆಗಿಟ್ಟುಕೊಳ್ಳಬೇಕು. ಅದೊಂದು ಕೊರತೆ ನಿಜ. ಅವಳಿಗೆ ಒಪ್ಪಿಗೆಯಾಯಿತು.

ಹಿರೇಕೆರೂರು: ನಿಂತ ಗುರುತು

ಉಳಿದದ್ದು ಅವ್ವನ ಶರತ್ತು. ಇದಕ್ಕೆ ಹೊಸ ಆ್ಯಪ್ ಬೇಡ, ಅವ್ವನ ಫೋನಿನಲ್ಲಿ ಇರುವ ವಾಟ್ಸ್ಆ್ಯಪ್ ಸಾಕು ಅಂತಾಯಿತು. ಅದರ ಲೈವ್ ಲೊಕೇಶನ್ ಅನ್ನು 15 ನಿಮಿಷ, 1 ತಾಸು ಅಥವಾ 8 ತಾಸಿಗೆ ಹಂಚಬಹುದು. ಯಾರಿಗೆ ಕಳಿಸಿದೆವೋ ಅವರಿಗೆ ಮಾತ್ರ ಕಾಣುತ್ತದೆ, ಹೊತ್ತು ಮುಗಿದ ಮೇಲೆ ತಾನೇ ನಿಲ್ಲುತ್ತದೆ.

ಹಾನಗಲ್ಲಿನಿಂದ ತಿಳವಳ್ಳಿ, ಚಿಕ್ಕೇರೂರು ದಾಟಿ ಹಿರೇಕೆರೂರು. ಅಲ್ಲಿ ಸೋದರತ್ತೆಯ ಮನೆಯಲ್ಲಿ ರಾತ್ರಿ ಉಳಿಯುವುದು, ಮರುದಿನ ಸರ್ವಜ್ಞನ ಹೆಸರಿನ ಜೊತೆ, ಏಕಾಂತದ ರಾಮಯ್ಯನ ಹೆಸರಿನ ಜೊತೆ ಸೇರಿಕೊಂಡ ಅಬಲೂರು, ಆಗುವುದಾದರೆ ಮಾಸೂರು ಕಡೆಯ ಮದಗದ ಕೆರೆ ಅಂತ ಲೆಕ್ಕ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಕಾಳಿನ ಮೇಲೆ ಚಕ್ರ ಜಾರುತ್ತದೆ, ಅಂಥಲ್ಲಿ ಇಳಿದು ತಳ್ಳುವುದೇ ಮರ್ಯಾದೆ.

ತಿಳವಳ್ಳಿ ದಾಟಿದ ಮೇಲೆ ಒಂದು ಕಡೆ ಸಿಗ್ನಲ್ ಹೋಯಿತು. ನಮ್ಮ ಜಾಡು ಫೋನಿನಲ್ಲಿ ದಾಖಲಾಗುತ್ತಲೇ ಇತ್ತು, ಆದರೆ ಅವ್ವನ ಪರದೆಯ ಮೇಲೆ ನಮ್ಮ ಗುರುತು ನಡುದಾರಿಯಲ್ಲೇ ನಿಂತುಬಿಟ್ಟಿತು. ಸಿಗ್ನಲ್ ಬಂದ ಕೂಡಲೇ ಫೋನ್ ಬಡಕೊಂಡಿತು. ಅವ್ವ ಅಷ್ಟರಲ್ಲಿ ಅತ್ತೆಗೂ ಫೋನ್ ಮಾಡಿಯಾಗಿತ್ತು.

"ಗುರುತು ನಿಂತೈತಿ, ಅದಕ್ಕ ನೀವೂ ಬಿದ್ದೀರಿ ಅಂತ ಎದಿ ಹೊಡಕೊಳ್ಳಾಕತ್ತಿತ್ತು," ಅಂದಳು. ದನಿ ನಡುಗುತ್ತಿತ್ತು.

ಎಲ್ಲಿದ್ದಾರೆ ಅಂತ ಗೊತ್ತಾಗದಿದ್ದಾಗ ಇದ್ದ ಚಿಂತೆಗಿಂತ, ಗೊತ್ತಾಗುತ್ತಾ ಇದ್ದು ನಿಂತುಹೋದಾಗಿನ ಚಿಂತೆ ದೊಡ್ಡದು. ಇದನ್ನು ಯಾವ ಆ್ಯಪಿನ ವಿವರಣೆಯಲ್ಲೂ ಬರೆದಿರುವುದಿಲ್ಲ. ಅತ್ತೆಯ ಮನೆಯಲ್ಲಿ ಊಟ ಮಾಡಿ, ವಿಡಿಯೊ ಕಾಲ್‌ನಲ್ಲಿ ಅವ್ವನ ಜೊತೆ ಮೂರು ಕರಾರು ಮಾಡಿಕೊಂಡೆವು. ಒಂದು, ಹೊರಡುವ ಮೊದಲೇ ದಾರಿಯ ಊರುಗಳ ಹೆಸರು ಹೇಳುವುದು. ಎರಡು, ಗುರುತಿನ ಕೆಳಗೆ ಕೊನೆಯದಾಗಿ ಯಾವಾಗ ಅಪ್‌ಡೇಟ್ ಆಯಿತು ಅನ್ನುವ ಹೊತ್ತು ಇರುತ್ತದೆ, ಅವ್ವ ಅದನ್ನು ನೋಡುವುದು. ಹಳೇ ಹೊತ್ತಿದ್ದರೆ ಸಿಗ್ನಲ್ ಹೋಗಿದೆ ಅಂತ ಅರ್ಥ. ಮೂರು, ಒಂದು ತಾಸು ಕಾಯುವುದು, ಆಮೇಲಷ್ಟೇ ಮುಂದಿನ ಊರಿನ ಗುರುತಿನವರಿಗೆ ಫೋನ್.

ಮರುದಿನ ಅಬಲೂರಿನ ಸೋಮೇಶ್ವರ ಗುಡಿಯ ಮುಂದೆ ಕೂತಿದ್ದಾಗ ಮತ್ತೆ ಸಿಗ್ನಲ್ ಕೈಕೊಟ್ಟಿತು. ಅವ್ವನ ಫೋನ್ ಬರಲಿಲ್ಲ. ಕರಾರು ಕೆಲಸ ಮಾಡಿತ್ತು.

ಬ್ಯಾಟರಿಯ ಮಾತು ಇಲ್ಲೇ ಹೇಳಬೇಕು. ಹೆಚ್ಚು ತಿನ್ನುವುದು ಜಿಪಿಎಸ್ ಅಲ್ಲ, ಬೆಳಗುವ ಪರದೆ ಮತ್ತು ಸಿಗ್ನಲ್ ಹುಡುಕುವ ಮೋಡೆಮ್. ಏರೋಪ್ಲೇನ್ ಮೋಡ್ ಹಾಕಿದರೆ ಬ್ಯಾಟರಿ ಉಳಿಯುತ್ತದೆ, ಆದರೆ ಅವ್ವನಿಗೆ ಕಾಣಲ್ಲ. ಹಾಗಾಗಿ ಪರದೆ ಆರಿಸಿ, ಫೋನ್ ಜೇಬಿಗೆ ಹಾಕಿ, ಜೊತೆಗೆ ಸಣ್ಣ ಪವರ್‌ಬ್ಯಾಂಕ್ ಇಟ್ಟುಕೊಂಡೆವು. ಇನ್ನೊಂದು ವಿಷಯ: ಎಷ್ಟೋ ಆ್ಯಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪನ್ನು ಕೊಂದುಬಿಡುತ್ತವೆ. ಜಾಡು ಅರ್ಧಕ್ಕೆ ತುಂಡಾಗಿದ್ದರೆ ಆ್ಯಪನ್ನು ಬಯ್ಯುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿನ ಬ್ಯಾಟರಿ ಮಿತಿ ತೆಗೆದುಹಾಕಿ.

ಹಾಗಾದರೆ ಯಾವುದು?

ಗೆಳೆಯರ ಬಳಗ, ಪೈಪೋಟಿ ಬೇಕಿದ್ದರೆ ಸ್ಟ್ರಾವಾ, ಗೌಪ್ಯತೆಯ ಬೀಗ ಹಾಕಿಕೊಂಡ ಮೇಲೆ. ಗೊತ್ತಿಲ್ಲದ ಹಳ್ಳಿ ದಾರಿ, ನೆಟ್ ಇಲ್ಲದ ನಕ್ಷೆ ಬೇಕಿದ್ದರೆ ಆಸ್ಮ್‌ಆ್ಯಂಡ್. ದಾಖಲೆ ತನ್ನಲ್ಲೇ ಇರಬೇಕು ಅನ್ನುವವರಿಗೆ ಓಪನ್‌ಟ್ರ್ಯಾಕ್ಸ್. ಮನೆಯವರಿಗೆ ವಾಟ್ಸ್ಆ್ಯಪ್. ಯಾವುದೇ ಇರಲಿ, ಸವಾರಿಗಳನ್ನು ಜಿಪಿಎಕ್ಸ್ ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದಾ ನೋಡಿ. ಕಂಪನಿಗಳು ಶಾಶ್ವತ ಅಲ್ಲ. ಜನಪ್ರಿಯವಾಗಿದ್ದ ಎಂಡೊಮೊಂಡೊ 2020ರ ಕೊನೆಗೆ ಬಾಗಿಲು ಹಾಕಿತು. ಜರ್ಮನಿಯ ಕೊಮೂಟ್ 2025ರಲ್ಲಿ ಇಟಲಿಯ ಕಂಪನಿಯ ಕೈಗೆ ಹೋಯಿತು. ಫೈಲ್ ನಮ್ಮ ಹತ್ತಿರ ಇದ್ದರೆ ಯಾವ ಆ್ಯಪ್ ಹೋದರೂ ಸವಾರಿ ಉಳಿಯುತ್ತದೆ.

ನಾನೀಗ ಬೆಂಗಳೂರಿಗೆ ವಾಪಸಾಗಿದ್ದೇನೆ. ತಂಗಿ ಒಬ್ಬಳೇ ತುಳಿಯುತ್ತಾಳೆ. ಅವಳ ಲೈವ್ ಲೊಕೇಶನ್ ಹೋಗುವುದು ಅವ್ವನಿಗೆ ಮಾತ್ರ, ನನಗಲ್ಲ. ನಾನೂ ಕೇಳಿಲ್ಲ. ಮನಸ್ಸು ಬಂದಾಗ ಅವಳೇ ಒಂದು ಜಿಪಿಎಕ್ಸ್ ಫೈಲ್ ಕಳಿಸುತ್ತಾಳೆ. ಮೊನ್ನೆ ಬಂದದ್ದು ಬಾಡದ್ದು. ಜಾಡು ನೋಡಿದರೆ ನೆಟ್ಟಗೆ ಹಳ್ಳದ ದಾರಿಯಲ್ಲೇ ಹೋಗಿದ್ದಾಳೆ. ಜೊತೆಗೆ ಒಂದು ಸಾಲಿನ ಮೆಸೇಜ್: "ಅಜ್ಜ ಹೇಳಿದ್ದು ಖರೆ, ಬ್ಯಾಸಿಗ್ಯಾಗ ನೀರಿಲ್ಲ. ನಕ್ಷೆದಾಗ ತಿಂಗಳಾನೂ ಬರ್ದೀನಿ."